ಶನಿವಾರ ಮೆತ್ತಗೆ, ಸೋಮವಾರ ಗಟ್ಟಿ

ಈ ಶಾಲೆ ಬಿಟ್ಟು ಬೆಂಗಳೂರಿನ ಎಚ್.ಎ.ಎಲ್. ಸೇರಿದ ಮೊದಲ ವಾರ, ವಿಮಾನದ ಅಲ್ಯೂಮಿನಿಯಂ ರಿವೆಟ್‌ಗಳನ್ನು ಫ್ರಿಜ್‌ನಲ್ಲಿಟ್ಟಿದ್ದು ಕಂಡು ನಕ್ಕಿದ್ದೆ. ಹೊರಗಿದ್ದರೆ ತಾವಾಗಿಯೇ ಗಟ್ಟಿಯಾಗುತ್ತವೆ, ಆಮೇಲೆ ಬಡಿದರೆ ಬಿರುಕು ಬಿಡುತ್ತವೆ ಎಂದು ಹಿರಿಯರೊಬ್ಬರು ತಿಳಿಸಿಕೊಟ್ಟರು. ಈ ಗುಣವನ್ನು ಕಂಡುಹಿಡಿದವರು ಜರ್ಮನಿಯ ಆಲ್‌ಫ್ರೆಡ್ ವಿಲ್ಮ್.

ಸೈಲೀಸಿಯಾದಲ್ಲಿ 1869ರಲ್ಲಿ ಹುಟ್ಟಿದವರು. 1906ರಲ್ಲಿ ಬರ್ಲಿನ್ ಬಳಿಯ ಪ್ರಯೋಗಾಲಯದಲ್ಲಿ, ಸುಮಾರು ಶೇ. 4 ತಾಮ್ರ, ಚೂರು ಮೆಗ್ನೀಸಿಯಂ ಬೆರೆಸಿದ ಅಲ್ಯೂಮಿನಿಯಂ ಕಾಯಿಸಿ ನೀರಿಗದ್ದಿದರು. ಶನಿವಾರ ಮೆತ್ತಗಿದ್ದ ತುಂಡು ಸೋಮವಾರ ಅಳೆದಾಗ ಗಟ್ಟಿಯಾಗಿತ್ತು. ಯಾರೂ ಮುಟ್ಟಿರಲಿಲ್ಲ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಏನೂ ಬದಲಾಗಿರಲಿಲ್ಲ! ಅದೇ ಡ್ಯುರಾಲುಮಿನ್, ಜೆಪ್ಪೆಲಿನ್ ವಾಯುನೌಕೆಗಳಿಗೆ ಎಲುಬಾಯಿತು.

1919ರಲ್ಲಿ ವಿಲ್ಮ್ ಲೋಹದ ಕೆಲಸ ಬಿಟ್ಟು ಬೇಸಾಯಕ್ಕೆ ಹೋದರು. ನಮ್ಮೂರವರಿಗೆ ಈ ಮಾತು ಹಿಡಿಸೀತು. 1937ರಲ್ಲಿ ತೀರಿಕೊಂಡರು. ಮರುವರ್ಷವೇ ಫ್ರಾನ್ಸಿನ ಗಿನಿಯೆ, ಬ್ರಿಟನ್ನಿನ ಪ್ರೆಸ್ಟನ್ ಬೇರೆಬೇರೆಯಾಗಿ ಅಲ್ಯೂಮಿನಿಯಂ-ತಾಮ್ರದ ಮಿಶ್ರಲೋಹಕ್ಕೆ ಎಕ್ಸ್-ಕಿರಣ ಹಾಯಿಸಿ ಗುಟ್ಟು ಕಂಡರು. ತಾಮ್ರದ ಪರಮಾಣುಗಳು ಒಳಗೇ ಸರಿದು ಗುಂಪುಗೂಡಿದ್ದವು: ದಪ್ಪ ಒಂದೆರಡು ಪರಮಾಣು, ಅಗಲ ಕೆಲವೇ ನ್ಯಾನೊಮೀಟರ್. ಲೋಹದ ಪದರಗಳು ಜಾರದಂತೆ ಅಡ್ಡ ನಿಂತದ್ದು ಈ ಗುಂಪುಗಳೇ. ಈಗ ಆಟಂ ಪ್ರೋಬ್ ಯಂತ್ರದಲ್ಲಿ ಅಂಥ ಪರಮಾಣುಗಳನ್ನು ಒಂದೊಂದಾಗಿ ಕಿತ್ತು ಎಣಿಸುತ್ತಾರೆ. ವಿಲ್ಮ್ ಅವರಿಗೆ ಇನ್ನೊಂದು ವರ್ಷ ಆಯಸ್ಸಿರಬೇಕಿತ್ತು ಎಂದು, ಆ ಫ್ರಿಜ್ ಬಾಗಿಲು ತೆರೆದಾಗಲೆಲ್ಲ ಅನ್ನಿಸುತ್ತಿತ್ತು.