ಸತಿ ಹೋಗಲು ಹೊರಟಾಕೆ 28 ವರ್ಷ ಆಳಿದರು: ನರ್ಮದೆಯ ದಡದ ಕೋಟೆಯಲ್ಲಿ ಅಹಲ್ಯಾಬಾಯಿ ಹೋಳ್ಕರ್

ಮಧ್ಯಪ್ರದೇಶದ ಮಹೇಶ್ವರದಲ್ಲಿ ನರ್ಮದಾ ನದಿಯ ದಡದ ಮೇಲಿರುವ ಅಹಲ್ಯಾ ಕೋಟೆಯ ಒಂದು ಭಾಗ ಈಗ ಹೆರಿಟೇಜ್ ಹೋಟೆಲ್. ಪ್ರವಾಸಿಗರು ಇಲ್ಲಿ ಕೋಣೆ ಕಾಯ್ದಿರಿಸಿ ತಂಗುತ್ತಾರೆ. 18ನೇ ಶತಮಾನದಲ್ಲಿ ಇದೇ ಕೋಟೆಯಿಂದ ಮಾಳ್ವಾ ಪ್ರದೇಶವನ್ನು ಆಳಿದವರು ರಾಣಿ ಅಹಲ್ಯಾಬಾಯಿ ಹೋಳ್ಕರ್.

ಅವರು ಜನಿಸಿದ್ದು 1725ರ ಮೇ 31ರಂದು, ಮಹಾರಾಷ್ಟ್ರದ ಚೌಂಡಿ ಗ್ರಾಮದಲ್ಲಿ. ತಂದೆ ಮಾಣಕೋಜಿ ಶಿಂದೆ ಊರಿನ ಪಾಟೀಲರು. ಹೆಣ್ಣುಮಕ್ಕಳಿಗೆ ಅಕ್ಷರ ಕಲಿಸುವ ರೂಢಿ ಇಲ್ಲದ ಕಾಲದಲ್ಲಿ ಮಗಳಿಗೆ ಓದು-ಬರಹ ಕಲಿಸಿದರು. ಮರಾಠಾ ಸೇನಾನಿ ಮಲ್ಹಾರರಾವ್ ಹೋಳ್ಕರ್ ಅವರ ಮಗ ಖಂಡೇರಾವ್ ಜತೆ ಬಾಲ್ಯದಲ್ಲೇ ಮದುವೆಯಾಯಿತು.

1754ರಲ್ಲಿ ಜಾಟರ ಕುಂಭೇರ್ ಕೋಟೆಗೆ ಮರಾಠರು ಮುತ್ತಿಗೆ ಹಾಕಿದ್ದಾಗ ಖಂಡೇರಾವ್ ಫಿರಂಗಿ ಗುಂಡಿಗೆ ಬಲಿಯಾದರು. ಅಹಲ್ಯಾಬಾಯಿಗೆ ಆಗ ಇನ್ನೂ 30 ತುಂಬಿರಲಿಲ್ಲ. ಸತಿ ಹೋಗಲು ಸಿದ್ಧರಾದ ಅವರನ್ನು ತಡೆದವರು ಮಾವ ಮಲ್ಹಾರರಾವ್. ಮುಂದೆ ತಾವು ಯುದ್ಧಭೂಮಿಯಲ್ಲಿದ್ದಾಗ ರಾಜ್ಯದ ವ್ಯವಹಾರಗಳನ್ನು ಸೊಸೆಗೇ ವಹಿಸಿದರು.

1766ರಲ್ಲಿ ಮಾವ, ಮರುವರ್ಷ ಮಗ ಮಾಲೇರಾವ್ ತೀರಿಕೊಂಡರು. ದತ್ತು ಸ್ವೀಕರಿಸಿ ಅಧಿಕಾರ ಬಿಟ್ಟುಕೊಡುವಂತೆ ದಿವಾನರು ಒತ್ತಡ ಹೇರಿದರು. ಪೇಶ್ವೆಯ ಚಿಕ್ಕಪ್ಪ ರಘುನಾಥರಾವ್ ಸೈನ್ಯದೊಂದಿಗೆ ಹೊರಟರು. ಅಹಲ್ಯಾಬಾಯಿ ಮಣಿಯಲಿಲ್ಲ. ಪೇಶ್ವೆ ಮಾಧವರಾವ್ ಅವರ ಬೆಂಬಲವೂ ಸಿಕ್ಕಿತು. ಸೇನೆಯನ್ನು ತುಕೋಜಿ ಹೋಳ್ಕರ್‌ಗೆ ಒಪ್ಪಿಸಿ, ಆಡಳಿತವನ್ನು ತಮ್ಮ ಕೈಯಲ್ಲೇ ಇಟ್ಟುಕೊಂಡರು.

ಮಹೇಶ್ವರ ರಾಜಧಾನಿಯಾಯಿತು. ಅಲ್ಲಿ ರಾಣಿ ಸರಳವಾದ ಮನೆಯಲ್ಲಿ ವಾಸಿಸಿದರು. ನಿತ್ಯ ದರ್ಬಾರಿನಲ್ಲಿ ಕುಳಿತು ಪ್ರಜೆಗಳ ಅಹವಾಲು ಆಲಿಸಿದರು. ನೇಕಾರರನ್ನು ಕರೆತಂದು ನೆಲೆಗೊಳಿಸಿದರು. ಮಹೇಶ್ವರಿ ಸೀರೆ ಹೆಸರಾದದ್ದು ಹೀಗೆ. ಕಾಶಿಯ ಈಗಿನ ವಿಶ್ವನಾಥ ದೇವಾಲಯವನ್ನು 1780ರಲ್ಲಿ ಕಟ್ಟಿಸಿದವರೂ ಇವರೇ.

ಆದರೆ ಕೊನೆಗಾಲದಲ್ಲಿ ದೊಡ್ಡ ದುಃಖ ಎದುರಾಯಿತು. 1791ರಲ್ಲಿ ಅಳಿಯ ಯಶವಂತರಾವ್ ಫಣಸೆ ನಿಧನರಾದಾಗ ಮಗಳು ಮುಕ್ತಾಬಾಯಿ ಸತಿ ಹೋಗಲು ನಿರ್ಧರಿಸಿದರು. ತಾಯಿ ಎಷ್ಟು ಬೇಡಿಕೊಂಡರೂ ಕೇಳಲಿಲ್ಲ. ಮಾವನ ಮಾತಿನಿಂದ ತಾವು ಬದುಕುಳಿದಿದ್ದ ರಾಣಿಗೆ ಸ್ವಂತ ಮಗಳನ್ನು ಉಳಿಸಿಕೊಳ್ಳಲು ಆಗಲಿಲ್ಲ. 1795ರ ಆಗಸ್ಟ್ 13ರಂದು ಅಹಲ್ಯಾಬಾಯಿ ನಿಧನರಾದರು.

ಕೋಟೆಯ ಭಾಗವನ್ನು 2000ರಲ್ಲಿ ಅತಿಥಿಗೃಹವಾಗಿಸಿದ್ದು ಅದೇ ಮನೆತನದ ರಿಚರ್ಡ್ ಹೋಳ್ಕರ್. ರಾಣಿಯ ಗದ್ದುಗೆ ಇರುವ ರಾಜವಾಡಾವನ್ನು ಯಾರು ಬೇಕಾದರೂ ನೋಡಬಹುದು. ಹೋಳ್ಕರ್ ಕುಟುಂಬ 1970ರ ದಶಕದ ಕೊನೆಯಲ್ಲಿ ಆರಂಭಿಸಿದ ರೇವಾ ಸೊಸೈಟಿ ಇಲ್ಲಿನ ಮಹಿಳೆಯರಿಗೆ ನೇಯ್ಗೆಯ ಕೆಲಸ ಕೊಟ್ಟಿದೆ.