ಕೋವಿ, ಕಿವಿ ಮತ್ತು ತೇಜಸ್ವಿ

ಚನ್ನರಾಯಪಟ್ಟಣದಿಂದ ಹೊರಟು ಹಾಸನ, ಬೇಲೂರುಗಳನ್ನು ಹಾದು ಮೂಡಿಗೆರೆ ಸೇರುವ ಪ್ರಯಾಣಿಕನಿಗೆ ಸುಮಾರು ನೂರು ಕಿಲೋಮೀಟರಿನ ಹಾದಿಯಲ್ಲಿ ಎರಡು ಬೇರೆ ಬೇರೆ ನಾಡುಗಳೇ ಕಾಣಿಸುತ್ತವೆ. ಮೊದಲು ತೆಂಗಿನ ತೋಟ, ಕೆರೆ, ಕುರುಚಲು ಬೆಳೆದ ದಿಣ್ಣೆಗಳ ಬಯಲುಸೀಮೆ. ಇಲ್ಲಿ ಬೆಳಗಿನ ಹೊತ್ತು ಕೌಜುಗದ ಕೂಗು ಕೇಳುತ್ತದೆ, ಲಾವಕ್ಕಿಗಳು ಕಾಲಬುಡದಿಂದಲೇ ಬುರ್ರನೆ ಎದ್ದು ಹಾರುತ್ತವೆ. ಬೇಲೂರು ದಾಟಿದ ಮೇಲೆ ನೆಲ ಏರತೊಡಗಿ ಕಾಫಿಯ ತೋಟಗಳೂ ಕಾಡೂ ಒಂದರೊಳಗೊಂದು ಬೆರೆತ ಮಲೆನಾಡು ಎದುರಾಗುತ್ತದೆ. ಅಲ್ಲಿ ಕೌಜುಗದ ಸ್ಥಾನವನ್ನು ಕಾಡುಕೋಳಿ, ಚಿಟ್ಟುಕೋಳಿಗಳು ತುಂಬುತ್ತವೆ. ಇವೆಲ್ಲವೂ ನೆಲದ ಮೇಲೆ ಬದುಕುವ, ಅಪಾಯ ತೀರ ಸಮೀಪಿಸುವವರೆಗೆ ಪೊದೆಯಲ್ಲಿ ಅಡಗಿಯೇ ಇರುವ ಹಕ್ಕಿಗಳು. ಒಂದು ಕಾಲದಲ್ಲಿ ಇವುಗಳನ್ನು ಬೇಟೆಯಾಡುವವನು ಕೋವಿ ಹಿಡಿದು ನಡೆಯುತ್ತಿದ್ದ. ಅವನ ಮುಂದೆ ನಾಯಿ ನಡೆಯುತ್ತಿತ್ತು.

ಕನ್ನಡದ ಓದುಗರಿಗೆ ಆ ನಾಯಿಯ ಹೆಸರೂ ಗೊತ್ತು. ಅದು ಕಿವಿ. ಅದರ ಒಡೆಯ ಕೆ.ಪಿ. ಪೂರ್ಣಚಂದ್ರ ತೇಜಸ್ವಿ.

ತೇಜಸ್ವಿಯವರು ಜನಿಸಿದ್ದು 1938ರ ಸೆಪ್ಟೆಂಬರ್ 8ರಂದು. ತಂದೆ ಕುವೆಂಪು, ತಾಯಿ ಹೇಮಾವತಿ. ಅವರು ಬೆಳೆದದ್ದು, ಓದಿದ್ದು ಮೈಸೂರಿನಲ್ಲಾದರೂ ಮನೆತನದ ಬೇರು ಇದ್ದದ್ದು ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯಲ್ಲಿ. ಆ ಸೀಮೆಯ ಗೌಡರ ಮನೆಗಳಲ್ಲಿ ಬೇಟೆಯೆಂಬುದು ಮೋಜು ಮಾತ್ರವಾಗಿರಲಿಲ್ಲ, ವರ್ಷದ ಬದುಕಿನ ಒಂದು ಭಾಗವೇ ಆಗಿತ್ತು. 1933ರಲ್ಲಿ ಪ್ರಕಟವಾದ ಕುವೆಂಪು ಅವರ 'ಮಲೆನಾಡಿನ ಚಿತ್ರಗಳು' ಕೃತಿಯಲ್ಲಿ ಬೇಟೆಯ ಪ್ರಸಂಗಗಳಿವೆ. 'ಮಲೆಗಳಲ್ಲಿ ಮದುಮಗಳು' ಕಾದಂಬರಿಯಲ್ಲಿ ನಾಯಿಗುತ್ತಿಯ ಹಿಂದೆಯೇ ನಡೆಯುವ ಹುಲಿಯ, ಕೊನೆಗೆ ತುಂಗೆಯ ಪ್ರವಾಹದಲ್ಲಿ ಕೊಚ್ಚಿಹೋಗುವಾಗ ಓದುಗನ ಗಂಟಲು ಕಟ್ಟುತ್ತದೆ. ನಾಯಿಯನ್ನು ಪೂರ್ಣ ಪಾತ್ರವಾಗಿ ಕಂಡರಿಸುವ ಕಲೆ ಮಗನಿಗೆ ಮನೆಯಲ್ಲೇ ದೊರೆತಿತ್ತೆನ್ನಬೇಕು.

ಮಹಾರಾಜ ಕಾಲೇಜಿನಲ್ಲಿ ಕನ್ನಡ ಓದಿ ಪದವಿ ಪಡೆದ ತರುಣನಿಗೆ ಅಧ್ಯಾಪಕ ವೃತ್ತಿಯ ದಾರಿ ಸುಗಮವಾಗಿಯೇ ಇತ್ತು. ಅದನ್ನು ಬಿಟ್ಟು 1960ರ ದಶಕದಲ್ಲಿ ಅವರು ಮೂಡಿಗೆರೆಯತ್ತ ನಡೆದರು. ಅಲ್ಲಿ ಕಾಫಿ ಕೃಷಿಕರಾದರು. 'ಚಿತ್ರಕೂಟ'ವೆಂಬ ತೋಟದಲ್ಲಿ ಸಂಸಾರ ಹೂಡಿದರು. 1966ರಲ್ಲಿ ರಾಜೇಶ್ವರಿಯವರೊಡನೆ ವಿವಾಹವಾಯಿತು. ಮುಂದೆ ನೆಲೆಸಿದ ತೋಟಕ್ಕೆ ಅವರಿಟ್ಟ ಹೆಸರು 'ನಿರುತ್ತರ'.

ಕೋವಿಯೂ ಸ್ಪ್ಯಾನಿಯಲ್ ಜಾತಿಯ ನಾಯಿಯೂ ಕಾಫಿ ಸೀಮೆಗೆ ಬಂದದ್ದರ ಹಿಂದೆ ಇನ್ನೊಂದು ಕಥೆಯಿದೆ. ಸ್ಕಾಟ್ಲೆಂಡಿನಲ್ಲಿ ಪ್ರತಿವರ್ಷ ಆಗಸ್ಟ್ 12ರಂದು ಗ್ರೌಸ್ ಹಕ್ಕಿಯ ಬೇಟೆಯ ಋತು ತೆರೆಯುತ್ತದೆ. ಮರಗಳಿಲ್ಲದ, ಹೆದರ್ ಎಂಬ ಕುಳ್ಳಪೊದೆ ಹಬ್ಬಿದ ಗುಡ್ಡಗಳಲ್ಲಿ ಈ ಬೇಟೆಗೆ ಎರಡು ಕ್ರಮಗಳುಂಟು. ಹತ್ತಾರು ಆಳುಗಳು ಹಕ್ಕಿಗಳನ್ನು ಎಬ್ಬಿಸಿ ಅಟ್ಟಿಕೊಂಡು ಬರುವುದು, ಕೋವಿಯವರು ನಿಂತಲ್ಲೇ ಹೊಡೆಯುವುದು ಒಂದು. ನಾಯಿಯನ್ನು ಮುಂದೆ ಬಿಟ್ಟು, ದಿನವಿಡೀ ಗುಡ್ಡ ಹತ್ತಿಳಿದು, ಎದ್ದ ಹಕ್ಕಿಗೆ ಮಾತ್ರ ಈಡು ಹೊಡೆಯುವುದು ಇನ್ನೊಂದು. ಸ್ಕಾಟ್ಲೆಂಡಿನ ಗಡಿಸೀಮೆಯ ಜಮೀನುದಾರ ರಾಬರ್ಟ್ ಎಲಿಯಟ್ 1856ರಲ್ಲಿ ಇಂದಿನ ಸಕಲೇಶಪುರ ತಾಲ್ಲೂಕು ಸೇರಿದ ಮಂಜರಾಬಾದಿನಲ್ಲಿ ಕಾಫಿ ಬೆಳೆಯಲು ತೊಡಗಿದ. 1894ರಲ್ಲಿ ಆತ ಪ್ರಕಟಿಸಿದ ಮೈಸೂರು ಸೀಮೆಯ ಅನುಭವಗಳ ಪುಸ್ತಕದ ಹೆಸರಿನಲ್ಲಿಯೇ ಚಿನ್ನ, ಬೇಟೆ, ಕಾಫಿ ಮೂರೂ ಇವೆ. ಇಂಥ ತೋಟಗಾರರ ಬಂಗಲೆಗಳಿಂದ ವಿದೇಶೀ ತಳಿಯ ನಾಯಿಗಳೂ ಅವರ ಬೇಟೆಯ ಕ್ರಮವೂ ಮಲೆನಾಡಿಗೆ ಇಳಿದವು. ಮಲೆನಾಡಿಗೆ ಬೇಟೆನಾಯಿ ಹೊಸತೇನೂ ಆಗಿರಲಿಲ್ಲ. ಹತ್ತನೆಯ ಶತಮಾನದ ಆತಕೂರು ಶಾಸನ ಹಂದಿಯೊಡನೆ ಹೋರಾಡಿ ಮಡಿದ ಕಾಳಿಯೆಂಬ ನಾಯಿಯನ್ನು ಸ್ಮರಿಸುತ್ತದೆ. ಆದರೆ ಕಾಳಿಯಂಥ ನಾಯಿಯ ಕೆಲಸ ಮೃಗವನ್ನು ಅಡ್ಡಗಟ್ಟಿ ಹಿಡಿಯುವುದು. ಸ್ಪ್ಯಾನಿಯಲ್‌ನ ಕೆಲಸ ಬೇರೆ.

ಆ ಕೆಲಸವನ್ನು ಅರಿಯದೆ ತೇಜಸ್ವಿಯವರ ಬರಹದ ಒಂದು ಗುಟ್ಟು ತಿಳಿಯುವುದಿಲ್ಲ. ಕಾಡುಕೋಳಿ ಸುಲಭವಾಗಿ ಹಾರುವ ಹಕ್ಕಿಯಲ್ಲ. ಅದು ಮೊದಲು ಓಡುತ್ತದೆ. ಚಿಟ್ಟುಕೋಳಿಯಂತೂ ಹಾರಲು ಇನ್ನೂ ಸೋಮಾರಿ. ಲಂಟಾನದ ಮೆಳೆಯಲ್ಲಿ ನುಸುಳಿದರೆ ಮನುಷ್ಯನ ಕಣ್ಣಿಗೆ ಅದು ಇಲ್ಲವೇ ಇಲ್ಲ. ನಾಯಿಯಾದರೋ ಗಾಳಿಗೆ ಮೂಗೊಡ್ಡಿ, ಎಡಕ್ಕೂ ಬಲಕ್ಕೂ ಹಾಯುತ್ತ, ವಾಸನೆ ಹಿಡಿದ ಕೂಡಲೇ ಮೋಟುಬಾಲವನ್ನು ಬಿರುಸಾಗಿ ಆಡಿಸುತ್ತದೆ. ಹಿಂದೆ ಬರುವವನಿಗೆ ಅದೇ ಸೂಚನೆ. ಆದರೆ ನಾಯಿ ಇಪ್ಪತ್ತು, ಇಪ್ಪತ್ತೈದು ಗಜ ಮೀರಿ ಮುಂದೆ ಹೋಗಕೂಡದು. ತೋಟಾಕೋವಿಯ ಚರೆ ಗುರಿಮುಟ್ಟುವುದು ನಲವತ್ತು ಗಜದವರೆಗೆ ಮಾತ್ರ. ದೂರ ಎದ್ದ ಹಕ್ಕಿ ಕೈತಪ್ಪಿದ ಹಕ್ಕಿಯೇ ಸರಿ. ಈಡಿನ ಸದ್ದಾದೊಡನೆ ನಾಯಿ ನಿಲ್ಲಬೇಕು, ಹೇಳಿದ ಮೇಲೆ ಹುಡುಕಬೇಕು, ಸಿಕ್ಕಿದ್ದನ್ನು ಹಲ್ಲೂರದೆ ಮೆಲ್ಲನೆ ಕಚ್ಚಿ ತರಬೇಕು. ಇಷ್ಟನ್ನು ಕಲಿಸುವುದು ತಿಂಗಳುಗಟ್ಟಲೆಯ ತಾಳ್ಮೆಯ ಕೆಲಸ. ಸ್ಪ್ಯಾನಿಯಲ್ ಸ್ವಭಾವತಃ ಉತ್ಸಾಹದ ಮುದ್ದೆ. ಕಲಿತದ್ದನ್ನೆಲ್ಲ ಒಂದು ಹಕ್ಕಿಯ ರೆಕ್ಕೆಯ ಸದ್ದಿಗೆ ಮರೆತುಬಿಡಬಲ್ಲುದು. ಮಳೆಗಾಲವಾದರೆ ಮನುಷ್ಯನಿಗೂ ನಾಯಿಗೂ ಇಂಬಳದ ಕಾಟ. ಮಳೆ ನಿಂತ ಮೇಲೆ ಅದರ ಉದ್ದಗೂದಲಿನ ಕಿವಿಗೆ ಉತ್ತರಾಣಿಯ ಬೀಜ.

ನಾಯಿಯಿರುವುದು ಹಕ್ಕಿಯನ್ನು ಎಬ್ಬಿಸುವುದಕ್ಕೆ ಮಾತ್ರವಲ್ಲ. ಗಾಯಗೊಂಡ ಹಕ್ಕಿ ಮೆಳೆಯೊಳಗೆ ಓಡಿ ನರಳಿ ಸಾಯದಂತೆ ಹುಡುಕಿ ತರುವುದಕ್ಕೂ ಅದು ಬೇಕು. ಬೇಟೆಯೊಳಗೂ ಇರುವ ಈ ಹೊಣೆಯನ್ನು ಬಲ್ಲವನು ಕೊಂದ ಹಕ್ಕಿಯನ್ನು ಕೈಯಲ್ಲಿ ಹಿಡಿದು ನೋಡಿರುತ್ತಾನೆ. ಪುಕ್ಕದ ಬಣ್ಣ, ಕಾಲಿನ ಮುಳ್ಳು, ಮೈಯ ಬಿಸುಪು ಎಲ್ಲವೂ ಅವನಿಗೆ ಪುಸ್ತಕದಿಂದ ಬಂದ ವಿಷಯಗಳಲ್ಲ. ಪಕ್ಷಿಶಾಸ್ತ್ರಜ್ಞ ಸಲೀಂ ಅಲಿಯವರ ಬದುಕು ತಿರುವು ಪಡೆದದ್ದೂ ಬಾಲ್ಯದಲ್ಲಿ ಅವರು ಹೊಡೆದುರುಳಿಸಿದ ಹಳದಿ ಕೊರಳಿನ ಗುಬ್ಬಿಯೊಂದರಿಂದ.

ಕಿವಿ ಕನ್ನಡ ಸಾಹಿತ್ಯಕ್ಕೆ ಬಂದದ್ದು 1980ರ 'ಕರ್ವಾಲೊ' ಕಾದಂಬರಿಯ ಮೂಲಕ. ಹಾರುವ ಓತಿಯನ್ನು ಅರಸಿ ಕಾಡಿಗೆ ಹೊರಟ ವಿಜ್ಞಾನಿ ಕರ್ವಾಲೊ, ಹಳ್ಳಿಗ ಮಂದಣ್ಣ, ಬಿರಿಯಾನಿ ಕರಿಯಪ್ಪ, ಪ್ಯಾರ ಮೊದಲಾದವರ ತಂಡದಲ್ಲಿ ಅದಕ್ಕೂ ಸ್ಥಾನವುಂಟು. 1991ರಲ್ಲಿ ಬಂದ 'ಪರಿಸರದ ಕಥೆ' ಕೃತಿಯಲ್ಲಿ ಅದರೊಡನೆ ಕಳೆದ ಒಂದು ದಿನಕ್ಕೇ ಮೀಸಲಾದ ಅಧ್ಯಾಯವಿದೆ. ಪರಿಸರ ಎಂಬ ಹೆಸರು ಹೊತ್ತ ಪುಸ್ತಕದಲ್ಲಿ ಬೇಟೆಯ ಪ್ರಸಂಗಗಳು ಏಕಿವೆ ಎಂದು ಇಂದಿನ ಓದುಗ ಹುಬ್ಬೇರಿಸಬಹುದು. ಆದರೆ ಆ ಪುಸ್ತಕದ ಬಲವಿರುವುದು ಅಲ್ಲಿಯೇ. ಬರೆಯುವವನು ತಾನು ಕೋವಿ ಹಿಡಿದವನೆಂಬುದನ್ನು ಮುಚ್ಚಿಡುವುದಿಲ್ಲ, ಅದಕ್ಕೆ ಕ್ಷಮೆಯಾಚನೆಯ ಬಣ್ಣವನ್ನೂ ಬಳಿಯುವುದಿಲ್ಲ. ಗುರಿ ತಪ್ಪಿದ್ದು, ನಾಯಿಯ ಅವಾಂತರ, ಹಳ್ಳಿಯ ಮಾರ ಬೈರರಂಥವರ ಕಾಡುಜ್ಞಾನದ ಮುಂದೆ ಓದಿದವನ ಪೆಚ್ಚುತನ ಎಲ್ಲವನ್ನೂ ನಗುತ್ತ ಹೇಳಿಕೊಳ್ಳುತ್ತಾರೆ. ಯುವಕರ ಅಂಗಿಗಳ ಮೇಲೆ ಇಂದು ಅಚ್ಚಾಗುತ್ತಿರುವ ಗಡ್ಡದ ತೇಜಸ್ವಿಯವರ ಮುಖಕ್ಕೆ ಪರಿಸರದ ಸಂತನ ಪ್ರಭೆ ಅಂಟಿದೆ. ಆ ಸಂತನ ಹೆಗಲಿನಿಂದ ಕೋವಿಯನ್ನು ಅಳಿಸಿಹಾಕಿದರೆ ಕಾಡಿನ ಸದ್ದುಗಳಿಗೆ ಅಷ್ಟು ಸೂಕ್ಷ್ಮವಾಗಿ ಸ್ಪಂದಿಸುವ ಬರಹ ಎಲ್ಲಿಂದ ಬಂತೆಂಬುದೇ ತಿಳಿಯದೆ ಹೋಗುತ್ತದೆ.

ಕೋವಿಯನ್ನು ಅವರು ಕ್ರಮೇಣ ಬಿಟ್ಟರು. ಅದರ ಸುತ್ತ ಕಾಲವೂ ಬದಲಾಗುತ್ತಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಗೆ ಕಡಿವಾಣ ಹಾಕಿತಾದರೂ ಪರವಾನಗಿ ಪಡೆದು ಸಣ್ಣ ಬೇಟೆಯಾಡಲು ಅವಕಾಶ ಉಳಿಸಿತ್ತು. 1991ರ ತಿದ್ದುಪಡಿ ಆ ಬಾಗಿಲನ್ನೂ ಮುಚ್ಚಿತು. 'ಪರಿಸರದ ಕಥೆ' ಬಂದದ್ದು ಅದೇ ವರ್ಷ ಎಂಬುದು ಆಕಸ್ಮಿಕ. ಆ ಹೊತ್ತಿಗೆ ತೇಜಸ್ವಿಯವರ ಕೈಯಲ್ಲಿ ಕ್ಯಾಮೆರಾ ಇತ್ತು. ಹಕ್ಕಿಯೊಂದರ ಚಿತ್ರಕ್ಕಾಗಿ ಮರೆಯಲ್ಲಿ ಗಂಟೆಗಟ್ಟಲೆ ಅಲುಗದೆ ಕೂರುವ ಅಭ್ಯಾಸಕ್ಕೆ ಬೇಟೆಗಾರನ ಕಾಲದ ತಾಳ್ಮೆಯೇ ಬಂಡವಾಳ. ಗಾಳಿಯ ದಿಕ್ಕು, ಹಕ್ಕಿ ಬರುವ ದಾರಿ, ಎಷ್ಟು ಹತ್ತಿರ ಹೋದರೆ ಅದು ಹಾರುತ್ತದೆ ಎಂಬ ಲೆಕ್ಕ, ಇವೆಲ್ಲ ಎರಡೂ ಕಸುಬಿಗೆ ಸಮಾನ. ಒಂದು ಮಾತ್ರ ಬೇರೆ: ಕ್ಯಾಮೆರಾದವನಿಗೆ ಹಕ್ಕಿಯನ್ನು ಎಬ್ಬಿಸುವ ನಾಯಿ ಬೇಡ, ಹಕ್ಕಿ ಏಳದಿರುವುದೇ ಬೇಕು. 'ಕನ್ನಡನಾಡಿನ ಹಕ್ಕಿಗಳು', 'ಮಿಂಚುಳ್ಳಿ', 'ಹಕ್ಕಿಪುಕ್ಕ' ಮೊದಲಾದ ಪುಸ್ತಕಗಳು ಈ ಘಟ್ಟದವು.

ಬೇಟೆಯ ಕಥೆಗಳನ್ನು ಮಾತ್ರ ಅವರು ಬಿಡಲಿಲ್ಲ. ಬೆಂಗಳೂರಿನ ಬೇಟೆಗಾರ ಕೆನೆತ್ ಆಂಡರ್ಸನ್‌ರ ಅನುಭವಗಳನ್ನು 'ಕಾಡಿನ ಕಥೆಗಳು' ಮಾಲೆಯಲ್ಲಿ ಕನ್ನಡಕ್ಕೆ ತಂದರು. ಜಿಮ್ ಕಾರ್ಬೆಟ್‌ರ ರುದ್ರಪ್ರಯಾಗದ ನರಭಕ್ಷಕ ಚಿರತೆಯೂ ಅವರ ಕನ್ನಡದಲ್ಲಿ ಮಲೆನಾಡಿನ ಮಾತಿನ ಧಾಟಿ ಪಡೆಯಿತು. ಲಕ್ಷಾಂತರ ಓದುಗರಿಗೆ ಇವು ಅನುವಾದವೆಂಬ ನೆನಪೇ ಇರುವುದಿಲ್ಲ. ನಾಯಿಯ ಹಿಂದೆ ಮೆಳೆಯಲ್ಲಿ ನುಗ್ಗಿ ಗೊತ್ತಿದ್ದ ಲೇಖಕನಿಗಲ್ಲದೆ ಇದು ಒಲಿಯುವುದು ಕಷ್ಟ.

ಉಳಿದದ್ದು ಓದುಗರಿಗೆ ತಿಳಿದದ್ದೇ. 1973ರ 'ಅಬಚೂರಿನ ಪೋಸ್ಟಾಫೀಸು' ಕಥಾಸಂಕಲನದಿಂದ ನವ್ಯದ ದಾರಿ ಬಿಟ್ಟರು. ಲೋಹಿಯಾ ಚಿಂತನೆ, ರೈತ ಚಳವಳಿಗಳ ಒಡನಾಟ. 'ಚಿದಂಬರ ರಹಸ್ಯ'ಕ್ಕೆ 1987ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ. 2001ರಲ್ಲಿ ಪಂಪ ಪ್ರಶಸ್ತಿ. ಕನ್ನಡ ತಂತ್ರಾಂಶಕ್ಕಾಗಿ ಹೋರಾಟ.

2007ರ ಏಪ್ರಿಲ್ 5ರ ಮಧ್ಯಾಹ್ನ 'ನಿರುತ್ತರ'ದ ಮನೆಯಲ್ಲಿ ಹೃದಯಾಘಾತದಿಂದ ಅವರು ನಿಧನರಾದರು. ಆಗ ಅವರಿಗೆ 68 ವರ್ಷ. ಮೂಡಿಗೆರೆಯಿಂದ ಚಾರ್ಮಾಡಿ ಘಾಟಿಯತ್ತ ಹೋಗುವ ಹಾದಿಯ ಕೊಟ್ಟಿಗೆಹಾರದಲ್ಲಿ ಈಗ ಅವರ ಹೆಸರಿನ ಪ್ರತಿಷ್ಠಾನವಿದೆ. ಸುತ್ತಲ ತೋಟಗಳಲ್ಲಿ ಬೆಳಗಿನ ಮಂಜು ಕರಗುವ ಮೊದಲು ಕಾಡುಕೋಳಿಯ ಕೂಗು ಇನ್ನೂ ಕೇಳುತ್ತದೆ.