ಹಾರಿಸಿ ತೋರಿಸಿದವರು: ಡಾ. ವಿ. ಎಂ. ಘಾಟಗೆ

ಈ ಲೇಖನ ಬರೆಯುವುದು ನನ್ನ ಮಟ್ಟಿಗೆ ಒಂದು ಸಾಲ ತೀರಿಸಿದ ಹಾಗೆ. ಹೋದ ವರ್ಷ ನಮ್ಮ ಬಳಗದ ಭಾಷಣ ಸ್ಪರ್ಧೆಯಲ್ಲಿ ನನಗೆ ಮೊದಲ ಬಹುಮಾನ ಬಂದದ್ದು ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬಹುದು. ಶಿವಕರ ಬಾಪೂಜಿ ತಳಪದೆ ಎಂಬವರು 1895ರಲ್ಲಿ ನಮ್ಮ ಚೌಪಾಟಿಯಲ್ಲೇ ವಿಮಾನ ಹಾರಿಸಿದರೆಂದೂ, ರೈಟ್ ಸಹೋದರರು ಹಾರಿದ್ದು ಅದಾಗಿ ಎಂಟು ವರ್ಷಕ್ಕೆಂದೂ, ವಿಮಾನದ ಗುಟ್ಟೆಲ್ಲ ಆನೇಕಲ್ಲಿನ ಸುಬ್ಬರಾಯ ಶಾಸ್ತ್ರಿಗಳು ಹೇಳಿ ಬರೆಯಿಸಿದ ವೈಮಾನಿಕ ಶಾಸ್ತ್ರದಲ್ಲಿ ಇದೆಯೆಂದೂ ನಾನು ಎದೆಯುಬ್ಬಿಸಿ ಹೇಳಿದ್ದೆ. ಒಂದು ಕಡೆ ಮುಂಬಯಿ, ಇನ್ನೊಂದು ಕಡೆ ಕರ್ನಾಟಕ. ಎರಡೂ ನಮ್ಮವೇ. ಚಪ್ಪಾಳೆ ಬೀಳದೆ ಇರುತ್ತದೆಯೇ?

ಇದನ್ನೆಲ್ಲ ನನಗೆ ಹೇಳಿದ್ದು ನನ್ನ ಸೋದರಮಾವ. ಅವರು ಹೇಳಿದ ಮೇಲೆ ನಾನು ಬೇರೆ ಯಾರನ್ನೂ ಕೇಳಲಿಲ್ಲ. ಯಾವ ಪುಸ್ತಕವನ್ನೂ ತೆರೆಯಲಿಲ್ಲ. ತಪ್ಪು ಅಲ್ಲಿಂದಲೇ ಶುರುವಾಯಿತು.

ಬಹುಮಾನದ ಹುಮ್ಮಸ್ಸಿನಲ್ಲಿ ನಾನೂ ಒಂದು ವಿಮಾನ ಕಟ್ಟಬೇಕು ಅಂತ ಹೊರಟೆ. ನಾನು ಎನ್‌ಸಿಸಿಯ ಏರ್ ವಿಂಗ್‌ನಲ್ಲಿದ್ದೇನೆ. ಅಲ್ಲಿ ಕೆಡೆಟ್‌ಗಳಿಗೆ ಕಂಟ್ರೋಲ್ ಲೈನ್ ಮಾದರಿ ವಿಮಾನ ಕಟ್ಟಿ ಹಾರಿಸಲು ಕಲಿಸುತ್ತಾರೆ. ರೇಡಿಯೋ ಇಲ್ಲ, ಗೀಡಿಯೋ ಇಲ್ಲ. ಹಾರಿಸುವವನು ವೃತ್ತದ ನಡುವೆ ನಿಲ್ಲಬೇಕು. ಕೈಯಲ್ಲಿ ಒಂದು ಹಿಡಿ, ಹಿಡಿಯಿಂದ ವಿಮಾನದವರೆಗೆ ಎರಡು ಸಪೂರ ಉಕ್ಕಿನ ತಂತಿ. ತಂತಿಗಳು ರೆಕ್ಕೆಯೊಳಗಿರುವ ಬೆಲ್‌ಕ್ರ್ಯಾಂಕ್ ಎಂಬ ಸಣ್ಣ ತಿರುಗುತಟ್ಟೆಗೆ ಸೇರುತ್ತವೆ. ಹಿಡಿಯನ್ನು ಮೇಲಕ್ಕೆ ಓರೆ ಮಾಡಿದರೆ ತಟ್ಟೆ ತಿರುಗಿ, ಕಡ್ಡಿ ಸರಿದು, ಬಾಲದ ಎಲಿವೇಟರ್ ಮೇಲೇಳುತ್ತದೆ, ವಿಮಾನ ಏರುತ್ತದೆ. ಕೆಳಕ್ಕೆ ಮಾಡಿದರೆ ಇಳಿಯುತ್ತದೆ. ಲೂಪ್, ತಲೆಕೆಳಗಿನ ಹಾರಾಟ, ಗಾಳಿಯಲ್ಲಿ ಎಂಟು ಬರೆಯುವುದು, ಎಲ್ಲವೂ ಈ ಎರಡು ತಂತಿಯ ಆಟ. 1940ರ ಹೊತ್ತಿಗೆ ಅಮೆರಿಕದ ಜಿಮ್ ವಾಕರ್ ಎಂಬಾತ ಇದನ್ನು ಮನೆಮನೆಗೆ ಮುಟ್ಟಿಸಿದ. ಆತ ಎರಡು ಕೈಯಲ್ಲಿ ಎರಡು, ತಲೆಗೆ ಕಟ್ಟಿಕೊಂಡು ಇನ್ನೊಂದು, ಹೀಗೆ ಒಮ್ಮೆಗೇ ಮೂರು ವಿಮಾನ ಹಾರಿಸಿ ತೋರಿಸುತ್ತಿದ್ದನಂತೆ!

ನನಗೆ ಒಂದೇ ಸಾಕಾಯಿತು. ಬಾಲ್ಸಾ ಮರ, ಅಂಟು, ಕಾಗದ, ಎರಡೂವರೆ ಸಿಸಿಯ ಎಂಜಿನ್. ಲೂಪ್ ಚುರುಕಾಗಿ ಆಗಲಿ ಅಂತ ಭಾರವನ್ನು ಹಿಂದಕ್ಕೆ ಸರಿಸಿದೆ. ತೂಕದ ಕೇಂದ್ರ ರೆಕ್ಕೆಯ ಅಗಲದ ಮುಂದಿನ ಕಾಲುಭಾಗದ ಹತ್ತಿರ ಇರಬೇಕು ಅಂತ ನಮ್ಮ ಸರ್ ಹೇಳಿದ್ದರು. ನಾನು ಅರ್ಧಕ್ಕೆ ತಂದಿಟ್ಟೆ. ಬೊರಿವಲಿಯ ಮೈದಾನದಲ್ಲಿ ಒಂದು ಭಾನುವಾರ ಬೆಳಿಗ್ಗೆ, ಕ್ರಿಕೆಟ್ ಹುಡುಗರು ಬರುವ ಮೊದಲೇ, ಹದಿನೈದು ಮೀಟರ್ ತಂತಿ ಬಿಟ್ಟು ಹಾರಿಸಿದೆ. ವಿಮಾನ ನೆಲ ಬಿಟ್ಟದ್ದೇ ತಡ, ಕುಡಿದವರ ಹಾಗೆ ಮೇಲೆ ಕೆಳಗೆ ತೂರಾಡಿತು. ನಾನು ಗಾಬರಿಯಿಂದ ಹಿಡಿ ಎಳೆದೆ. ಅದು ನೆಟ್ಟಗೆ ನೆತ್ತಿಯ ಮೇಲೆ ಬಂತು, ತಂತಿ ಸಡಿಲಾಯಿತು. ತಂತಿ ಸಡಿಲಾದ ಮೇಲೆ ಕೈಯಲ್ಲಿರುವುದು ಬರೀ ಹಿಡಿ. ಎರಡು ತಿಂಗಳ ಕೆಲಸ ಎರಡು ಸೆಕೆಂಡಿನಲ್ಲಿ ಮಣ್ಣಾಯಿತು. ಮೂರು ಮಾರು ಆಚೆ ಒಬ್ಬ ಚಿಕ್ಕ ಹುಡುಗ ನಿಂತಿದ್ದ. ಅದನ್ನು ನೆನೆದರೆ ಇವತ್ತಿಗೂ ಹೊಟ್ಟೆಯೊಳಗೆ ತಣ್ಣಗಾಗುತ್ತದೆ.

ನಮ್ಮ ಸರ್ ಬೈಯಲಿಲ್ಲ. ಚೂರುಗಳನ್ನು ಚೀಲಕ್ಕೆ ತುಂಬಿಸಿಕೊಟ್ಟು, ಮುಂದಿನದ್ದನ್ನು ಕಟ್ಟುವ ಮೊದಲು ಘಾಟಗೆಯವರ ಬಗ್ಗೆ ಓದಿಕೊಂಡು ಬಾ ಎಂದರು. ಯಾವ ಘಾಟಗೆ ಅಂತ ನಾನು ಕೇಳಿದೆ. ವಿಮಾನದ ಮೇಲೆ ಭಾಷಣ ಮಾಡಿ ಬಹುಮಾನ ಪಡೆದವನು ಕೇಳುವ ಪ್ರಶ್ನೆಯೇ ಅದು?

ವಿಷ್ಣು ಮಾಧವ ಘಾಟಗೆ ಹುಟ್ಟಿದ್ದು 1908ರ ಅಕ್ಟೋಬರ್ 24ರಂದು, ಕೊಲ್ಹಾಪುರ ಜಿಲ್ಲೆಯ ಗಡಹಿಂಗ್ಲಜ ಕಡೆಯ ಹಸೂರ ಚಂಪೂ ಎಂಬ ಹಳ್ಳಿಯಲ್ಲಿ. ನಮ್ಮ ಸಂಕೇಶ್ವರಕ್ಕೆ ಹತ್ತಿರದ ಸೀಮೆ ಅದು. ಮರಾಠಿ, ಕನ್ನಡ ಎರಡೂ ಒಂದೇ ಸಂತೆಯಲ್ಲಿ ಕೇಳಿಬರುವ ಗಡಿನಾಡು. ರೈಟ್ ಸಹೋದರರ ಮೊದಲ ಹಾರಾಟವಾಗಿ ಆಗ ಇನ್ನೂ ಐದು ವರ್ಷ ತುಂಬಿರಲಿಲ್ಲ.

ಆ ಹಳ್ಳಿಯಿಂದ ಹೊರಟ ಹುಡುಗ ಜರ್ಮನಿಯ ಗಟ್ಟಿಂಗೆನ್ ವಿಶ್ವವಿದ್ಯಾಲಯದವರೆಗೆ ಹೋದರು. ಅಲ್ಲಿ ಅವರ ಗುರು ಲುಡ್ವಿಗ್ ಪ್ರಾಂಟ್ಲ್. ವಿಜ್ಞಾನದ ವಿದ್ಯಾರ್ಥಿಗಳಿಗೆ ಈ ಹೆಸರು ಗೊತ್ತಿರುತ್ತದೆ. ಹರಿಯುವ ಗಾಳಿ ರೆಕ್ಕೆಯ ಮೈಗೆ ತಾಗುವಲ್ಲಿ ಒಂದು ತೆಳು ಪದರವಾಗಿ ನಿಧಾನಿಸುತ್ತದೆ, ಎಳೆತದ ಗುಟ್ಟು ಆ ಪದರದಲ್ಲಿದೆ ಎಂದು 1904ರಲ್ಲಿ ತೋರಿಸಿದವರು ಅವರು. ಗಟ್ಟಿಂಗೆನ್‌ನಲ್ಲಿ ಗಾಳಿ ಸುರಂಗವಿತ್ತು. ಮಾದರಿಯನ್ನು ಸುರಂಗದಲ್ಲಿಟ್ಟು ಗಾಳಿ ಬಿಟ್ಟು, ಎತ್ತುವ ಬಲ ಎಷ್ಟು, ಎಳೆಯುವ ಬಲ ಎಷ್ಟು ಅಂತ ಅಳೆಯುತ್ತಿದ್ದರು. ಅಳೆಯದೆ ಹೇಳಿದ ಮಾತಿಗೆ ಅಲ್ಲಿ ಬೆಲೆ ಇರಲಿಲ್ಲ. ಘಾಟಗೆ 1936ರಲ್ಲಿ ಅಲ್ಲಿಂದ ಡಾಕ್ಟರೇಟ್ ಪಡೆದರು.

ಆದರೆ ಕಲಿತ ವಿದ್ಯೆಯನ್ನು ಬಳಸುವುದು ಎಲ್ಲಿ? ನಮ್ಮ ದೇಶದಲ್ಲಿ ಆಗ ವಿಮಾನ ಕಟ್ಟುವ ಒಂದು ಕಾರ್ಖಾನೆಯೂ ಇರಲಿಲ್ಲ. 1940ರ ಡಿಸೆಂಬರಿನಲ್ಲಿ ನಮ್ಮ ಮುಂಬಯಿಯ ಉದ್ಯಮಿ ವಾಲಚಂದ ಹೀರಾಚಂದರು ಮೈಸೂರು ಸರ್ಕಾರದ ಜೊತೆ ಸೇರಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿಯನ್ನು ಶುರುಮಾಡಿದರು. ಇವತ್ತಿನ ಎಚ್‌ಎಎಲ್ ಹುಟ್ಟಿದ್ದು ಹಾಗೆ. ಘಾಟಗೆ ಆ ಮೊದಲ ದಿನಗಳಲ್ಲೇ ಅಲ್ಲಿಗೆ ಬಂದರು. ಯುದ್ಧದ ಕಾಲ. ಅಮೆರಿಕದ ವಿಮಾನಗಳನ್ನು ಬಿಡಿಭಾಗಗಳಿಂದ ಜೋಡಿಸುವುದೇ ಅಲ್ಲಿನ ಮುಖ್ಯ ಕೆಲಸ. 1943ರ ಹೊತ್ತಿಗೆ ಕಾರ್ಖಾನೆ ಅಮೆರಿಕದ ಸೈನ್ಯದ ರಿಪೇರಿ ಅಡ್ಡೆಯೇ ಆಗಿಹೋಯಿತು.

ಇದರ ನಡುವೆ ಇನ್ನೊಂದು ಬಾಗಿಲು ತೆರೆಯಿತು. 1942ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ವಿಮಾನ ಎಂಜಿನಿಯರಿಂಗ್ ವಿಭಾಗ ಶುರುವಾದಾಗ ಅದನ್ನು ನಡೆಸುವ ಹೊಣೆ ಘಾಟಗೆಯವರಿಗೆ ಬಂತು. ಆಗ ಅವರಿಗೆ 34 ವರ್ಷ. ನಮ್ಮವರು ವಿಮಾನವನ್ನು ಬರೀ ರಿಪೇರಿ ಮಾಡಿದರೆ ಸಾಲದು, ವಿನ್ಯಾಸ ಮಾಡಬೇಕು ಅಂದರೆ ಮೊದಲು ವಿನ್ಯಾಸ ಬಲ್ಲ ಹುಡುಗರು ಬೇಕಲ್ಲ? ಆ ಹುಡುಗರನ್ನು ತಯಾರುಮಾಡುವ ಕೆಲಸ ಅದು. ಭಾಷಣದಷ್ಟು ಬೇಗ ಫಲ ಕೊಡುವ ಕೆಲಸವಲ್ಲ.

1948ರಲ್ಲಿ ಅವರು ಮುಖ್ಯ ವಿನ್ಯಾಸಕಾರರಾಗಿ ಮರಳಿ ಕಾರ್ಖಾನೆಗೆ ಬಂದರು. ಸ್ವಾತಂತ್ರ್ಯ ಬಂದು ಒಂದು ವರ್ಷ. ವಾಯುಪಡೆಯ ಹುಡುಗರು ಟೈಗರ್ ಮಾತ್ ಎಂಬ ಬ್ರಿಟಿಷರ ಹಳೆಯ ಜೋಡಿರೆಕ್ಕೆ ವಿಮಾನದಲ್ಲಿ ಹಾರಲು ಕಲಿಯುತ್ತಿದ್ದರು. ಅದರ ಬದಲು ನಮ್ಮದೇ ಒಂದು ತರಬೇತಿ ವಿಮಾನ ಬೇಕಿತ್ತು. ಘಾಟಗೆ ಮತ್ತು ಅವರ ತಂಡ ಕೂತು ಗೆರೆ ಎಳೆದದ್ದು ಎಚ್‌ಟಿ-2. ಲೋಹದ ಮೈ, ಕೆಳಗೆ ಒಂದೇ ಜೊತೆ ರೆಕ್ಕೆ, ಒಬ್ಬರ ಹಿಂದೆ ಒಬ್ಬರು ಕೂರುವ ಎರಡು ಸೀಟು. ರೆಕ್ಕೆಯ ತುದಿಯಿಂದ ತುದಿಗೆ 10.72 ಮೀಟರ್, ಉದ್ದ ಏಳೂವರೆ ಮೀಟರ್, 155 ಅಶ್ವಶಕ್ತಿಯ ಎಂಜಿನ್.

ತರಬೇತಿ ವಿಮಾನ ಅಂದರೆ ಸುಲಭ ಅಂತ ನಾನು ತಿಳಿದಿದ್ದೆ. ಯುದ್ಧವಿಮಾನ ಮಾಡಲಾಗದವರು ಮಾಡುವ ಚಿಲ್ಲರೆ ಕೆಲಸ ಅಂತ. ನನ್ನ ಚೀಲದ ತುಂಬಾ ಬಾಲ್ಸಾ ಚೂರು ಇದ್ದ ಕಾರಣ ಈ ಸಲ ಬೇರೆ ರೀತಿ ಯೋಚಿಸಿದೆ. ಯುದ್ಧವಿಮಾನ ನುರಿತವನ ಕೈಗೆ ಹೋಗುತ್ತದೆ. ತರಬೇತಿ ವಿಮಾನ ಹೋಗುವುದು ಏನೂ ಗೊತ್ತಿಲ್ಲದ ಹದಿನೆಂಟು ಇಪ್ಪತ್ತರ ಹುಡುಗನ ಕೈಗೆ. ಅವನು ಗಾಬರಿಯಾಗುತ್ತಾನೆ, ಕಡ್ಡಿಯನ್ನು ಅತಿಯಾಗಿ ಎಳೆಯುತ್ತಾನೆ, ನೆಲಕ್ಕೆ ಧೊಪ್ಪೆಂದು ಇಳಿಸುತ್ತಾನೆ. ವಿಮಾನ ಅವನ ತಪ್ಪನ್ನು ತಾಳಿಕೊಳ್ಳಬೇಕು. ಹಾಗಂತ ತೀರಾ ಮಂದವಾದರೂ ಆಗದು, ಲೂಪ್ ಹೊಡೆಯುವುದನ್ನೂ ಅವನು ಕಲಿಯಬೇಕಲ್ಲ. ತೂಕದ ಕೇಂದ್ರ ಹಿಂದೆ ಹೋದರೆ ವಿಮಾನ ಚುರುಕಾಗುತ್ತದೆ, ಆದರೆ ಹಿಡಿತಕ್ಕೆ ಸಿಗದು. ಮುಂದೆ ಬಂದರೆ ಸ್ಥಿರವಾಗುತ್ತದೆ, ಆದರೆ ಜಡ. ಇವೆರಡರ ನಡುವಿನ ಜಾಗವನ್ನು ಲೆಕ್ಕ ಹಾಕಿ, ಅಳೆದು, ಹಾರಿಸಿ ನೋಡಿ ಹುಡುಕಬೇಕು. ನಾನು ಕಣ್ಣಳತೆಯಲ್ಲಿ ಇಟ್ಟಿದ್ದೆ.

1951ರ ಆಗಸ್ಟ್‌ನಲ್ಲಿ ಎಚ್‌ಟಿ-2 ಬೆಂಗಳೂರಿನ ಆಕಾಶಕ್ಕೆ ಏರಿತು. ಹಾರಿಸಿದವರು ಕಂಪನಿಯ ಪರೀಕ್ಷಾ ಪೈಲಟ್ ಕ್ಯಾಪ್ಟನ್ ಜಮ್ಶೇದ್ ಮುನ್ಶಿ. ಸ್ವತಂತ್ರ ಭಾರತ ತಾನೇ ವಿನ್ಯಾಸ ಮಾಡಿ ಕಟ್ಟಿ ಹಾರಿಸಿದ ಮೊದಲ ಎಂಜಿನ್ ವಿಮಾನ ಅದು. ಮುಂದೆ ಸುಮಾರು 170 ಎಚ್‌ಟಿ-2ಗಳು ತಯಾರಾದವು. ಆಫ್ರಿಕಾದ ಘಾನಾ ದೇಶದ ಹೊಸ ವಾಯುಪಡೆಗೂ 12 ಹೋದವು. ಮೂರು ದಶಕಕ್ಕೂ ಹೆಚ್ಚು ಕಾಲ ನಮ್ಮ ಎಷ್ಟೋ ಪೈಲಟ್‌ಗಳು ಮೊದಲ ಸಲ ನೆಲ ಬಿಟ್ಟದ್ದು ಇದರಲ್ಲೇ.

ಘಾಟಗೆ ಅಲ್ಲಿಗೆ ನಿಲ್ಲಲಿಲ್ಲ. ಫ್ಲೈಯಿಂಗ್ ಕ್ಲಬ್‌ಗಳಿಗಾಗಿ ಮೇಲುರೆಕ್ಕೆಯ ಪುಟ್ಟ ಪುಷ್ಪಕ್ 1958ರಲ್ಲಿ ಹಾರಿತು. ಮರುವರ್ಷ ಕೃಷಕ್. ಯುದ್ಧವಿಮಾನ ಮಾರುತ್ ಕಟ್ಟಲು ಜರ್ಮನಿಯಿಂದ ಕುರ್ಟ್ ಟಾಂಕ್ ಎಂಬ ಹೆಸರಾಂತ ವಿನ್ಯಾಸಕಾರರು ಬಂದಿದ್ದರು. ಹೆಸರೆಲ್ಲ ಆ ಕಡೆ ಹೋಯಿತು. ಅದೇ ಕಾಲದಲ್ಲಿ, ಅದೇ ಕಾರ್ಖಾನೆಯಲ್ಲಿ, ಘಾಟಗೆಯವರ ತಂಡ ಜೆಟ್ ತರಬೇತಿ ವಿಮಾನವೊಂದನ್ನು ರೂಪಿಸುತ್ತಿತ್ತು. ಅದೇ ಕಿರಣ್. 1964ರ ಸೆಪ್ಟೆಂಬರ್ 4ರಂದು ಅದು ಹಾರಿತು. ಮತ್ತೆ ತರಬೇತಿ ವಿಮಾನವೇ, ಮತ್ತೆ ಕಲಿಯುವ ಹುಡುಗರಿಗಾಗಿಯೇ. 1965ರಲ್ಲಿ ಸರ್ಕಾರ ಅವರಿಗೆ ಪದ್ಮಶ್ರೀ ಕೊಟ್ಟಿತು. 1991ರ ಡಿಸೆಂಬರಿನಲ್ಲಿ ಅವರು ತೀರಿಕೊಂಡರು.

ಅವರು ಹೋದ ಐದು ವರ್ಷಕ್ಕೆ, 1996ರಲ್ಲಿ, ವಾಯುಪಡೆ ಸೂರ್ಯಕಿರಣ್ ಎಂಬ ಸಾಹಸ ಹಾರಾಟದ ತಂಡ ಕಟ್ಟಿತು. 2011ರವರೆಗೆ ಅವರು ಲೂಪ್ ಹೊಡೆದದ್ದು, ತಲೆಕೆಳಗಾಗಿ ಹಾರಿದ್ದು, ಆಕಾಶದಲ್ಲಿ ಹೊಗೆಯ ಗೆರೆ ಎಳೆದದ್ದು ಎಲ್ಲ ಕಿರಣ್ ವಿಮಾನಗಳಲ್ಲೇ. ಟಿವಿಯಲ್ಲಿ ಬಂದ ಅವರ ಹಳೆಯ ಪ್ರದರ್ಶನವನ್ನು ಚಿಕ್ಕಂದಿನಲ್ಲಿ ಬಾಯಿ ಬಿಟ್ಟುಕೊಂಡು ನೋಡಿದವನು ನಾನು. ಆ ವಿಮಾನ ಯಾರು ಮಾಡಿದ್ದು ಅಂತ ಒಂದು ದಿನವೂ ಕೇಳಿರಲಿಲ್ಲ.

ಇನ್ನು ನನ್ನ ಸಾಲದ ವಿಷಯ. 1974ರಲ್ಲಿ ಭಾರತೀಯ ವಿಜ್ಞಾನ ಮಂದಿರದ ಐದು ಮಂದಿ ವೈಮಾನಿಕ ಶಾಸ್ತ್ರವನ್ನು ಕೂಲಂಕಷವಾಗಿ ಪರಿಶೀಲಿಸಿದರು. ಘಾಟಗೆ ನೆಲೆಯೂರಿಸಿದ ವಿಮಾನ ವಿದ್ಯೆಯ ಮನೆಯವರೇ ಅವರು. ಗೇಲಿ ಮಾಡಲಿಲ್ಲ. ಶಕುನ, ಸುಂದರ, ರುಕ್ಮ, ತ್ರಿಪುರ ಎಂಬ ವಿಮಾನಗಳ ಚಿತ್ರ ಮತ್ತು ವಿವರಗಳನ್ನು ತೆಗೆದುಕೊಂಡು ಲೆಕ್ಕ ಹಾಕಿದರು. ಅವುಗಳಲ್ಲಿ ಒಂದೂ ಹಾರಲಾರದು ಎಂದು ಕಂಡಿತು. ಗ್ರಂಥವೂ ಪುರಾತನವಲ್ಲ, ಇಪ್ಪತ್ತನೆಯ ಶತಮಾನದ ಮೊದಲ ಭಾಗದ್ದು ಎಂಬ ನಿರ್ಣಯಕ್ಕೆ ಬಂದರು. ಚೌಪಾಟಿಯ ಹಾರಾಟಕ್ಕೂ ನಂಬುವಂಥ ಸಮಕಾಲೀನ ದಾಖಲೆ ಇಲ್ಲ. ತಳಪದೆಯವರಿಗೆ ಹಾರುವ ಆಸೆ ಇತ್ತು, ಅದು ದೊಡ್ಡದೇ. ಆದರೆ ಆಸೆಯನ್ನು ಹಾರಾಟ ಅಂತ ಹೇಳಿ ಬಹುಮಾನ ತೆಗೆದುಕೊಂಡವನು ನಾನು.

ಮಾವನಿಗೆ ಇದನ್ನು ಹೇಳುವುದು ಸುಲಭವಾಗಲಿಲ್ಲ. ಎರಡಕ್ಷರ ಕಲಿತು ನಮ್ಮವರನ್ನೇ ಸಣ್ಣದು ಮಾಡುತ್ತೀಯಾ ಅಳಿಯ ಅಂತ ನೊಂದುಕೊಂಡರು. ನಾನು ವಾದ ಮಾಡಲಿಲ್ಲ. ಹಸೂರ ಚಂಪೂವಿನ ಹುಡುಗನ ಕತೆ ಹೇಳಿದೆ. ಇವರೂ ನಮ್ಮವರೇ ಅಲ್ವಾ ಮಾವ, ಇವರ ವಿಮಾನದಲ್ಲಿ ಕೂತು ಸಾವಿರಾರು ಜನ ಹಾರಿ ಇಳಿದು ಮನೆಗೆ ಬಂದಿದ್ದಾರೆ, ಆದರೂ ಇವರ ಹೆಸರು ನಮಗ್ಯಾಕೆ ಗೊತ್ತಿಲ್ಲ ಎಂದು ಕೇಳಿದೆ. ಮಾವ ಉತ್ತರ ಕೊಡಲಿಲ್ಲ. ಚಹಾ ಮುಗಿಸಿ ಎದ್ದು ಹೋದರು.

ಹೊಸ ಮಾದರಿಯನ್ನು ಎಚ್‌ಟಿ-2ರ ರೂಪದಲ್ಲೇ ಕಟ್ಟಿದೆ. ಹನ್ನೆರಡರಲ್ಲಿ ಒಂದಂಶದ ಅಳತೆ, ರೆಕ್ಕೆ 89 ಸೆಂಟಿಮೀಟರ್. ಮೂತಿಗೆ ಸೀಸ ಕಟ್ಟಿ ತೂಕದ ಕೇಂದ್ರವನ್ನು ಅದರ ಜಾಗಕ್ಕೆ ತಂದೆ. ಹೊರಗಿನ ರೆಕ್ಕೆಯ ತುದಿಗೆ ಸ್ವಲ್ಪ ತೂಕ ಹಾಕಿ, ತಂತಿ ಬಿಗಿಯಾಗಿರಲಿ ಅಂತ ಎಂಜಿನನ್ನು ತುಸು ಹೊರಕ್ಕೆ ತಿರುಗಿಸಿದೆ. ಎಲಿವೇಟರಿನ ಆಟ ಕಡಿಮೆ ಮಾಡಿದೆ. ಹಾರಿಸುವ ಮೊದಲು ತಂತಿಯನ್ನು ಜಗ್ಗಿ ಪರೀಕ್ಷಿಸಿ, ನೋಡುವವರನ್ನೆಲ್ಲ ವೃತ್ತದಿಂದ ಬಹಳ ದೂರ ನಿಲ್ಲಿಸಿದೆ.

ಹೋದ ತಿಂಗಳು ಒಂದು ಭಾನುವಾರ ಹಾರಿಸಿದೆ. ನಾಲ್ಕೈದು ಸೆಕೆಂಡಿಗೆ ಒಂದು ಸುತ್ತು, ಕೈಗೆ ಎರಡು ಕಿಲೋ ಅಕ್ಕಿಚೀಲ ಜಗ್ಗಿದಷ್ಟು ಎಳೆತ. ತಲೆ ತಿರುಗಿತು, ವಿಮಾನ ತೂರಾಡಲಿಲ್ಲ. ಏಳನೆಯ ಸುತ್ತಿನಲ್ಲಿ ಒಂದು ಲೂಪ್, ಒಂದೇ ಒಂದು. ಇಂಧನ ಮುಗಿದ ಮೇಲೆ ಅದು ತಾನಾಗಿ ಇಳಿದು, ಮಣ್ಣಿನ ಮೇಲೆ ಎರಡು ಸಲ ಕುಪ್ಪಳಿಸಿ ನಿಂತಿತು. ದೂರದಲ್ಲಿ ಕಾಂಪೌಂಡಿನ ಹತ್ತಿರ ಮಾವ ನಿಂತಿದ್ದರು. ನಾನು ಕರೆದಿರಲಿಲ್ಲ. ಹತ್ತಿರ ಬಂದು ವಿಮಾನವನ್ನು ಕೈಯಲ್ಲಿ ಎತ್ತಿಕೊಂಡು, ತಿರುಗಿಸಿ ನೋಡಿ, ಆ ಘಾಟಗೆ ಅಂದೆಯಲ್ಲ, ಯಾವ ಊರಿನವರು ಅಂತ ಇನ್ನೊಮ್ಮೆ ಕೇಳಿದರು.

ಬಹುಮಾನವಾಗಿ ಬಂದ ಪುಸ್ತಕವನ್ನು ಬಳಗದ ಕಪಾಟಿಗೆ ಮರಳಿ ಕೊಟ್ಟಿದ್ದೇನೆ. ಅಂದು ಚಪ್ಪಾಳೆ ತಟ್ಟಿದ ಗೆಳೆಯರು ಇದನ್ನೂ ಓದಬೇಕು ಅಂತ ಕೇಳಿಕೊಳ್ಳುತ್ತೇನೆ.